ನೀವೊಬ್ಬರೇ ಬಂದರೂ ಸಾಕು

ಕೇಳುಗರಿಗೆ ನಮಸ್ಕಾರ.

ಹೋದ ಬೇಸಿಗೆಯಲ್ಲಿ ನನ್ನ ದೊಡ್ಡಪ್ಪನ ಮಗ ತನ್ನ ಮಗಳ ಮದುವೆಗೆ ಕರೆಯಲು ಬಂದಿದ್ದ. ಜಗಲಿಯಲ್ಲಿ ಕೂತು ಬೆಲ್ಲ, ನೀರು ತಗೊಂಡ. ಮದುವೆ ಕಾಗದ ಕೊಟ್ಟ. ಹೊರಡುವಾಗ ನನ್ನ ಹೆಂಡತಿಗೆ ಹೇಳಿದ: “ಅತ್ತಿಗೆ, ನೀವೊಬ್ಬರೇ ಬಂದರೂ ಸಾಕು. ಅಣ್ಣನಿಗೆ ಸುಮ್ನೆ ತೊಂದರೆ ಯಾಕೆ?” ಆ ಅಣ್ಣ ಎರಡು ಮಾರು ದೂರದಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ. ನನ್ನ ಪೆಟ್ಟು ಬೆನ್ನಿಗೆ, ಕಿವಿ ಚೆನ್ನಾಗಿಯೇ ಇದೆ.

ಅವನು ಪ್ರೀತಿಯಿಂದಲೇ ಹೇಳಿದ್ದು, ಸಿಟ್ಟಿಲ್ಲ. ಬೆನ್ನುಹುರಿಗೆ ಪೆಟ್ಟಾದವನು ಹೇಗಿದ್ದಾನೆ ಅಂತ ವಿಚಾರಿಸುವವರು ಮೊದಲು ಅವನ ಕಾಲು ನೋಡುತ್ತಾರೆ. ನನ್ನನ್ನು ಕೇಳಿದರೆ, ಅವನನ್ನು ಮದುವೆಗೆ ಕರೆಯುತ್ತಾರಾ, ಕರೆದರೆ ಅವನಿಗೆ ಹೋಗಿಬರಲು ಆಗುತ್ತಾ, ಇಷ್ಟು ನೋಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ.

ನಾನು ಶಿರಸಿ ಕಡೆಯವನು, ಕೊನೆಗೌಡ. ಅಂದರೆ ಅಡಿಕೆ ಮರ ಹತ್ತಿ ಕೊನೆ (ಗೊನೆ) ಇಳಿಸುವವನು. 11 ವರ್ಷದ ಹಿಂದೆ ಒಂದು ಬೆಳಿಗ್ಗೆ, ಮರದ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ, ಜಾರಿದೆ. ನಾಲ್ಕು ಜನ ಕೈಕಾಲು ಹಿಡಿದೆತ್ತಿ ಜೀಪಿಗೆ ಹಾಕಿದರು. ಹಾಗೆ ಎತ್ತಬಾರದು. ಕುತ್ತಿಗೆ, ಬೆನ್ನು ತಿರುಚದ ಹಾಗೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ತೋಟ ಇರುವವರು ಇದೊಂದು ನೆನಪಿಟ್ಟುಕೊಳ್ಳಿ. ಈಗ ನೆಲದ ಮೇಲೆ ನಿಂತೇ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಆದರೂ ಹತ್ತುವವರು ಹತ್ತುತ್ತಲೇ ಇದ್ದಾರೆ.

ಬೆನ್ನುಹುರಿ ಮಿದುಳಿಗೂ ಮೈಗೂ ನಡುವೆ ಸುದ್ದಿ ಓಡಾಡುವ ದಾರಿ. ಪೆಟ್ಟಾದ ಜಾಗದಿಂದ ಕೆಳಗೆ ಆ ಸುದ್ದಿ ನಿಲ್ಲುತ್ತದೆ. ಕಾಲು ಆಡದಿರುವುದು ಎಲ್ಲರಿಗೂ ಕಾಣುತ್ತದೆ. ಕಾಣದೇ ಇರುವುದೇ ಜಾಸ್ತಿ. ನನಗೆ ಮೂತ್ರ ತುಂಬಿದ್ದು ಗೊತ್ತಾಗುವುದಿಲ್ಲ. ಬಿಸಿ ಪಾತ್ರೆ ತೊಡೆಗೆ ತಾಗಿ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಮೊದಲ ವರ್ಷ, ಅಲುಗದೆ ಒಂದೇ ಕಡೆ ಒತ್ತಿ ಕೂತು, ಕುಂಡೆಯ ಮೇಲೆ ಅಡಿಕೆಯಷ್ಟು ಒಂದು ಕೆಂಪು ಗುರುತು ಎದ್ದಿತು. ನೋವಿಲ್ಲವಲ್ಲ, ಸುಮ್ಮನೆ ಬಿಟ್ಟೆವು. ಹದಿನೈದು ದಿನಕ್ಕೆ ಅದು ಗುಂಡಿ ಬಿತ್ತು. ಆಮೇಲೆ ನಾಲ್ಕು ತಿಂಗಳು ಬೋರಲು ಮಲಗಿ ಜಂತಿಯ ಬದಲು ನೆಲದ ಸಗಣಿ ಗೆರೆ ಎಣಿಸಿದೆ.

ಹಿಂದೆ ಈ ಹುಣ್ಣಿನಿಂದ, ಮೂತ್ರದ ಸೋಂಕಿನಿಂದಲೇ ಜನ ಸಾಯುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಬಂದ ಡಾಕ್ಟರ್ ಲುಡ್ವಿಗ್ ಗುಟ್‌ಮನ್, ರೋಗಿಗಳನ್ನು ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವ ಪಾಠ ಶುರು ಮಾಡಿದರು, ರಾತ್ರಿಯೂ ಸಹ. 1948ರಲ್ಲಿ ಅಲ್ಲೇ 16 ಜನರ ಕೈಗೆ ಬಿಲ್ಲು ಕೊಟ್ಟು ಪಂದ್ಯ ಆಡಿಸಿದರು. ಇವತ್ತಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ. ನಾನು ಬಿಲ್ಲು ಹಿಡಿದಿಲ್ಲ. ದಿನಾ ಬೆಳಿಗ್ಗೆ ಕೈಗನ್ನಡಿ ಹಿಡಿಯುತ್ತೇನೆ, ಹಿಂಭಾಗ ನೋಡಿಕೊಳ್ಳಲು. ಕೂತಾಗ ಕಾಲು ಗಂಟೆಗೊಮ್ಮೆ ಕೈಯೂರಿ ಮೈ ಎತ್ತುತ್ತೇನೆ. ನೋಡಿದವರು ಇವನಿಗೇನೋ ಚಡಪಡಿಕೆ ಅಂದುಕೊಳ್ಳುತ್ತಾರೆ.

ಕೆಲಸದ ಮಾತು ಹೇಳಬೇಕು. ಮರ ಹತ್ತುವುದು ಹೋಯಿತು, ಅಡಿಕೆ ಸುಲಿಯುವುದು ಉಳಿಯಿತು ಅಂದುಕೊಂಡೆ. ಕೂತು ಮಾಡುವ ಕೆಲಸ ತಾನೇ? ಆದರೆ ಅದು ಮೆಟ್ಟುಗತ್ತಿ. ಹೆಸರಲ್ಲೇ ಇದೆ, ಕಾಲಲ್ಲಿ ಮೆಟ್ಟಿ ಹಿಡಿದರೆ ಮಾತ್ರ ನಿಲ್ಲುತ್ತದೆ. ನನ್ನ ಕಾಲು ಮೆಟ್ಟುವುದಿಲ್ಲ. ಎರಡು ವರ್ಷ ಅದನ್ನು ನೋಡುತ್ತಾ ಕೂತೆ. ಕೊನೆಗೆ ನಮ್ಮೂರ ಆಚಾರಿ ಗಾಲಿಕುರ್ಚಿಯ ಎತ್ತರಕ್ಕೆ ಒಂದು ಬೆಂಚು ಮಾಡಿ, ಕತ್ತಿಯನ್ನು ಅದಕ್ಕೇ ಬೋಲ್ಟು ಹಾಕಿ ಕೂರಿಸಿಕೊಟ್ಟ. ತೊಡೆಯ ಮೇಲೆ ದಪ್ಪ ಚರ್ಮದ ತುಂಡು ಹಾಕಿಕೋ ಅಂದವನೂ ಅವನೇ. ಈಗ ಸುಗ್ಗಿಯಲ್ಲಿ ರಾತ್ರಿ ಹತ್ತರವರೆಗೆ ಎಲ್ಲರ ಜೊತೆ ಸುಲಿಯುತ್ತೇನೆ. ಕೂಲಿ ಬರುತ್ತದೆ. ಅದಕ್ಕಿಂತ ಜಾಸ್ತಿ, ಊರಿನ ಸುದ್ದಿ ಬಿಸಿಬಿಸಿಯಾಗಿ ಬರುತ್ತದೆ. ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸ್ 1954ರಲ್ಲಿ ಅಪಘಾತವಾಗಿ ಸೊಂಟದ ಕೆಳಗೆ ಬಲ ಕಳೆದುಕೊಂಡ ಮೇಲೂ, ಗಾಲಿಕುರ್ಚಿಯಲ್ಲೇ ಕೂತು ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. ಅವರಿಗೂ ಯಾರಾದರೂ ಮೇಜಿನ ಎತ್ತರ ಸರಿ ಮಾಡಿಕೊಟ್ಟಿರಬೇಕು, ಅಲ್ವಾ?

1994ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. ತುರ್ತು ಚಿಕಿತ್ಸೆ ಕೊಡುವ ಡಾಕ್ಟರು, ನರ್ಸುಗಳನ್ನೆಲ್ಲ ಕೇಳಿದ್ದರು: ನಿಮಗೇ ಬೆನ್ನುಹುರಿಗೆ ಇಂಥ ಗಂಭೀರ ಪೆಟ್ಟಾದರೆ, ಬದುಕಿ ಉಳಿದದ್ದಕ್ಕೆ ಖುಷಿ ಪಡುತ್ತೀರಾ? ನೂರಕ್ಕೆ 18 ಜನ ಹೌದು ಅಂದರು. ನಿಜವಾಗಿ ಪೆಟ್ಟಾಗಿ ಬದುಕಿರುವವರನ್ನು ಕೇಳಿದಾಗ ಹೌದು ಅಂದವರು ನೂರಕ್ಕೆ 92. ನನ್ನ ಮೊದಲ ವರ್ಷ ಕೇಳಿದ್ದರೆ ನಾನು ಬೇರೆ ಉತ್ತರ ಕೊಡುತ್ತಿದ್ದೆನೇನೋ. ಬೆಂಚು ಬಂದ ಮೇಲೆ ಕೇಳಿದರೆ 92ರ ಕಡೆಗೇ.

ಆ ಮದುವೆಗೆ ಹೋದೆ. ಹಿಂದಿನ ದಿನವೇ ಹೆಂಡತಿ ಛತ್ರಕ್ಕೆ ಹೋಗಿ ಬಚ್ಚಲಿನ ಬಾಗಿಲಿಗೆ ಸೀರೆ ಅಂಚು ಹಿಡಿದು ಅಳತೆ ತಂದಳು. ನಾಲ್ಕರಿಂದ ಆರು ಗಂಟೆಗೊಮ್ಮೆ ನಾನೇ ಪೈಪ್ ಹಾಕಿ ಮೂತ್ರ ತೆಗೆಯಬೇಕು. ಕುರ್ಚಿ ಬಚ್ಚಲೊಳಗೆ ಹೋಗದಿದ್ದರೆ ಮುಹೂರ್ತ ನೋಡಿ ಉಣ್ಣದೇ ವಾಪಸು ಬರಬೇಕು. ಪುಣ್ಯಕ್ಕೆ ಎರಡು ಬೆರಳು ಜಾಗ ಉಳಿಯಿತು. ಮೆಟ್ಟಿಲು ಮಾತ್ರ ಮೂರು, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕದಲ್ಲಿ 18 ಅಡಿ ಇಳಿಜಾರು ಬೇಕಿತ್ತು. ಇರಲಿಲ್ಲ. ಹುಡುಗರು ನನ್ನನ್ನು ಹೊರಲು ಬಂದರು. ಬೇಡ ಅಂದೆ. ಕುರ್ಚಿಯ ಬೆನ್ನನ್ನು ಮೆಟ್ಟಿಲ ಕಡೆ ತಿರುಗಿಸಿ, ಹಿಂದಕ್ಕೆ ವಾಲಿಸಿ, ಒಂದೊಂದೇ ಮೆಟ್ಟಿಲು ಎಳೆಯಲು ಹೇಳಿಕೊಟ್ಟೆ. ಎರಡನೇ ಮೆಟ್ಟಿಲಿಗೆ ಅವರಿಗೆ ಕೈ ಕೂಡಿಬಂತು.

ಊಟಕ್ಕೆ ಪಂಕ್ತಿಯ ಕೊನೆಯ ಮೇಜಿನಲ್ಲಿ ಒಂದು ಕುರ್ಚಿ ತೆಗೆಸಿ ಕೂತೆ. ಹೋಳಿಗೆ ಬಡಿಸುತ್ತಾ ಬಂದ ಹುಡುಗ ನನ್ನ ಎಲೆಯ ಮುಂದೆ ನಿಂತು ಪಕ್ಕದಲ್ಲಿದ್ದ ಹೆಂಡತಿಯನ್ನು ಕೇಳಿದ: “ಅಕ್ಕಾ, ಇವರಿಗೆ ಹೋಳಿಗೆ ಹಾಕಬಹುದಾ?”

“ಎರಡು ಹಾಕೋ ಮಾರಾಯ,” ಅಂದೆ ನಾನು. “ತುಪ್ಪ ಎಲ್ಲಿ?”