ಐ7 ಅಂದರೆ ಏನೂ ಹೇಳಿದಂತಾಗಲಿಲ್ಲ, ಪೂರ್ತಿ ನಂಬರ್ ಹೇಳಿ

ನಮಸ್ಕಾರ ರೀ ಎಲ್ಲರಿಗೂ. ಹಿಂದಿನಿಂದ ಗರ್ ಅಂತ ಶಬ್ದ ಬರುತ್ತಿದೆಯಲ್ಲ, ಅದು ಕೂಲರ್. ಆಫ್ ಮಾಡಿ ರೆಕಾರ್ಡ್ ಮಾಡಿ ಅಂತ ಪ್ರತಿ ಸಲ ಯಾರಾದರೂ ಬರೆಯುತ್ತಾರೆ. ಅಂಥವರು ಮೇ ತಿಂಗಳಲ್ಲಿ ಒಂದು ಸಲ ಕಲಬುರಗಿಗೆ ಬನ್ನಿ, ಕೂಲರ್ ಆಫ್ ಮಾಡಿ ಅರ್ಧ ತಾಸು ಕೂತು ತೋರಿಸಿ. ಚಹಾ ನನ್ನದು.

ಇವತ್ತು ಪ್ರಿಂಟರ್ ಬಗ್ಗೆ ಮಾತಾಡಬೇಕಿತ್ತು. ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಬೆಳಗ್ಗೆ ಫೋನ್ ನೋಡಿದೆ, ತಲೆ ಕೆಟ್ಟಿತು. ಮನೆಗೆ ಹೊಸ ಕಂಪ್ಯೂಟರ್ ಬೇಕಿದ್ದರೆ 12ನೇ ಜನರೇಷನ್ ಐ3 ಧಾರಾಳ ಸಾಕು ಅಂತ ಹೋದ ವಿಡಿಯೊದಲ್ಲಿ ಹೇಳಿದ್ದೆ. ಐ3, ಐ5, ಐ7 ಅಂದರೆ ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ, ಅಂದರೆ ಕಂಪ್ಯೂಟರಿನ ಮಿದುಳಿನ, ಹೆಸರು; ಜನರೇಷನ್ ಅಂದರೆ ಅದು ಯಾವ ಪೀಳಿಗೆಯದ್ದು ಅಂತ. ಅದಕ್ಕೆ ಒಬ್ಬರು ಬರೆದಿದ್ದಾರೆ: "ಬ್ರೋ, ಜನರ ದಾರಿ ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಐ7 ಇದೆ. ಐ7 ಅಂದ್ರೆ ಐ7."

ಐ7 ಅಂದ್ರೆ ಐ7. ಇದು ಉತ್ತರವಾ? ಗಾಡಿ ಯಾವುದು ಅಂತ ಕೇಳಿದರೆ "ಕೆಂಪು ಗಾಡಿ" ಅಂದಂತಾಯಿತು.

ನೀವೇ ನೋಡಿ, ನಮ್ಮ ಕಡೆ ಹಳೇ ಸ್ಪ್ಲೆಂಡರ್ ಕೊಳ್ಳಲು ಹೋದರೆ ಮೊದಲ ಮಾತು ಏನು? "ಯಾವ ಮಾಡೆಲ್?" ಮಾಡೆಲ್ ಅಂದರೆ ಯಾವ ವರ್ಷದ್ದು ಅಂತ. ಇದನ್ನು ಯಾರೂ ಶಾಲೆಯಲ್ಲಿ ಕಲಿಸಿಲ್ಲ. ಎಂಟನೇ ಕ್ಲಾಸಿನ ಹುಡುಗನೂ ಕೇಳುತ್ತಾನೆ. ಗಂಜ್‌ನಲ್ಲಿ, ಅಂದರೆ ನಮ್ಮ ಧಾನ್ಯದ ಮಾರುಕಟ್ಟೆಯಲ್ಲಿ, ಬೇಳೆ ಕೈಗೆ ತಗೊಂಡವರು ಹೊಸ ಮಾಲಾ ಹಳೇ ಮಾಲಾ ಅಂತ ಕೇಳದೆ ರೇಟಿಗೆ ಬರುವುದಿಲ್ಲ. ಯಾಕಂದರೆ ಹಳೇ ಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ ಅಂತ ಗೊತ್ತು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ತೊಗರಿ ಬೇಳೆಯ ಊರು ನಮ್ಮದು. ಅದೇ ಜನ ಕಂಪ್ಯೂಟರ್ ಅಂಗಡಿಗೆ ಹೋದ ಕೂಡಲೇ ಬುದ್ಧಿಯನ್ನು ಚಪ್ಪಲಿ ಜೊತೆ ಹೊರಗೆ ಬಿಡುತ್ತಾರೆ. ಐ7 ಅದನ್ರಿ? ಅದ. ಕೊಡ್ರಿ. ಮುಗೀತು.

ನಮ್ಮ ಕಾಕಾನ ಕಥೆ ಹೇಳುತ್ತೇನೆ. ಸೇಡಂ ಹತ್ತಿರ ಹೊಲ ಇದೆ. ತೊಗರಿ ಮಾರಿದ ದುಡ್ಡಿನಲ್ಲಿ ಮಗಳಿಗೆ ಕಂಪ್ಯೂಟರ್ ಕೊಡಿಸಿದರು, ಅವಳು ಬಿಸಿಎ ಸೇರಿದ್ದಾಳೆ. ನನ್ನನ್ನು ಕೇಳಲಿಲ್ಲ. ಮನೆಯಲ್ಲಿ ಒಬ್ಬ ಇದನ್ನೇ ದಿನಾ ಮಾತಾಡುತ್ತಾನೆ, ಚಾನೆಲ್ ಬೇರೆ ಇದೆ, ಆದರೂ ಕೇಳಲಿಲ್ಲ. ಇರಲಿ, ಆ ನೋವು ಬೇರೆ ವಿಡಿಯೊದಲ್ಲಿ. ತಂದ ಮೇಲೆ ಫೋನ್ ಮಾಡಿದರು. "ಐ ಸೆವೆನ್ ಅದ ನೋಡಪಾ. ಹದಿನಾರು ಜಿಬಿ ಅದ. ಒಳಗ ಬಣ್ಣ ಬಣ್ಣದ ಲೈಟೂ ಹಾಕ್ಯಾನ. ಹದಿನಾರೂವರೆ ಸಾವಿರ." ದನಿಯಲ್ಲಿ ಏನು ಖುಷಿ ಅಂತೀರಿ!

ನಾನು ಒಂದೇ ಮಾತು ಕೇಳಿದೆ. "ಕಾಕಾ, ಐ ಸೆವೆನ್ ಎಷ್ಟು? ಪೂರ್ತಿ ನಂಬರ್ ಹೇಳ್ರಿ." "ಸೆವೆನ್ ಅಂದ್ರ ಸೆವೆನ್ನಪಾ," ಅಂದರು. ಕಾಮೆಂಟ್ ಬರೆದವರೂ ಕಾಕಾನೂ ಒಂದೇ ಶಾಲೆ.

ಭಾನುವಾರ ಹೋಗಿ ಡಬ್ಬಿ ಬಿಚ್ಚಿದೆ. ಹೊರಗೆ ಗಾಜು, ಮಿರಿಮಿರಿ ಲೈಟು, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಾಕಿ ತೆಗೆಯಲು ಬಿಟ್ಟಿಲ್ಲ. ಫ್ಯಾನ್ ಕಳಚಿ ನೋಡಿದರೆ ಪ್ರೊಸೆಸರ್ ಮೇಲಿನ ಪೇಸ್ಟ್ ಒಣಗಿ, ಸಂಜೆ ಹೊತ್ತಿಗೆ ಹಣೆ ಮೇಲೆ ಉಳಿದ ವಿಭೂತಿ ತರ ಪುಡಿ ಪುಡಿ. ಹತ್ತಿಯಿಂದ ಒರೆಸಿದೆ. ಅಕ್ಷರ ಕಂಡಿತು. ಐ7-3770.

3770 ಬಂದದ್ದು 2012ರಲ್ಲಿ. ಆಗ ಕಾಕಾನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಆಗ ನಮ್ಮ ಊರಿನ ಹೆಸರು ಸರ್ಕಾರಿ ಕಾಗದದಲ್ಲಿ ಇನ್ನೂ ಗುಲ್ಬರ್ಗಾ. ಯಾವುದೋ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು, ಗುಜರಿಗೆ ಹೋಗಿ, ಅಲ್ಲಿಂದ ಎದ್ದು ಬಂದು, ಹೊಸ ಡಬ್ಬಿಯೊಳಗೆ ಕೂತು ಲೈಟ್ ಹಾಕಿಕೊಂಡಿದೆ. ಅಂಗಡಿ ಹೆಸರು ಹೇಳುವುದಿಲ್ಲ. ಅಂಗಡಿಯವ ಸುಳ್ಳು ಹೇಳಿಲ್ಲ ನೋಡಿ, ಐ7 ಅಂದ, ಐ7 ಕೊಟ್ಟ. ನಂಬರ್ ಕೇಳದಿದ್ದದ್ದು ನಮ್ಮವರು.

ನಂಬರ್ ಓದುವುದು ರಾಕೆಟ್ ಹಾರಿಸುವ ಕೆಲಸ ಅಲ್ಲ. ಐ7 ಪಕ್ಕದ ಗೆರೆ ಆದ ಮೇಲೆ ಬರುವ ಅಂಕಿ ನೋಡಿ. 1ರಿಂದ ಶುರುವಾಗುವ ನಾಲ್ಕಂಕಿ, ಐದಂಕಿಯ ನಂಬರ್ ಇದ್ದರೆ ಮೊದಲ ಎರಡು ಅಂಕಿ ಓದಿ. 12100 ಅಂದರೆ 12ನೇ ಜನರೇಷನ್. ಲ್ಯಾಪ್‌ಟಾಪಿನಲ್ಲಿ 1235ಯು ಅಂತ ಇದ್ದರೂ 12ನೇದೇ. 2ರಿಂದ 9ರ ಒಳಗೆ ಶುರುವಾದರೆ ಒಂದೇ ಅಂಕಿ ಓದಿ. 3770 ಅಂದರೆ 3ನೇದು, 8400 ಅಂದರೆ 8ನೇದು. ಇಷ್ಟೇ. ತೊಗರಿ ತೂಕದ ಚೀಟಿಯಲ್ಲಿ ಕಾಕಾ ಇದಕ್ಕಿಂತ ಕಷ್ಟದ್ದನ್ನು ಓದುತ್ತಾರೆ.

ಈಗ ಬನ್ನಿ ಐ7 ಅಂದ್ರೆ ಐ7 ಅವರೇ. ಕಾಕಾನ 2012ರ ಐ7-3770ಗೆ ನಾಲ್ಕು ಕೋರ್, ಎಂಟು ಥ್ರೆಡ್. ಕೋರ್ ಅಂದರೆ ಒಳಗೆ ದುಡಿಯುವ ಆಳು, ಥ್ರೆಡ್ ಅಂದರೆ ಒಟ್ಟಿಗೆ ಹಿಡಿಯುವ ಕೆಲಸ. ನೀವು ಮೂಗು ಮುರಿದ 2022ರ ಐ3-12100ಗೆ ಎಷ್ಟು? ನಾಲ್ಕು ಕೋರ್, ಎಂಟು ಥ್ರೆಡ್. ಲೆಕ್ಕ ಸಮ. ಕೆಲಸಕ್ಕೆ ಹಚ್ಚಿದರೆ ಆ ಐ3 ಈ ಐ7 ಅನ್ನು ಹಿಂದೆ ಹಾಕಿ ತಿರುಗಿಯೂ ನೋಡುವುದಿಲ್ಲ.

"ಆದರೆ ನಮ್ಮದು 3.4 ಗಿಗಾಹರ್ಟ್ಸ್" ಅಂತ ಇನ್ನೊಬ್ಬರು ಕೆಳಗೆ ಬರೆದಿದ್ದಾರೆ. ಹೌದಪ್ಪಾ. ಐ3-12100ರ ಬೇಸ್ ಸ್ಪೀಡ್ 3.3. ಕಾಗದದ ಮೇಲೆ ನಿಮ್ಮದೇ ಜಾಸ್ತಿ. ಈಗ ನಮ್ಮ ಅವ್ವ ರೊಟ್ಟಿ ಬಡಿಯುವುದನ್ನು ನೋಡಿ. ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಏಟು ಅಂತ, ಅಷ್ಟೇ. ಒಂದು ಏಟಿಗೆ ಹಿಟ್ಟು ಎಷ್ಟು ಹರಡಿತು ಅನ್ನುವುದು ಬೇರೆ ಲೆಕ್ಕ. ಹೋದ ವಾರ ನನ್ನ ಹೆಂಡತಿ ಹಟಕ್ಕೆ ಬಿದ್ದು ನನ್ನನ್ನು ಕೂರಿಸಿದಳು. ನಾನು ಪಟಪಟ ಅಂತ ಇಪ್ಪತ್ತು ಏಟು ಹಾಕಿದರೂ ನನ್ನ ರೊಟ್ಟಿ ಶ್ರೀಲಂಕಾ ಆಕಾರದಲ್ಲಿ ಅಲ್ಲೇ ಇತ್ತು. ಅವ್ವ ನಿಧಾನಕ್ಕೆ ಬಡಿದು, ತಿರುಗಿಸಿ, ಹಂಚಿಗೆ ಹಾಕಿ, ನನ್ನದನ್ನು ನೋಡಿ ನಕ್ಕು, ಎರಡನೇದು ಶುರು ಮಾಡಿದ್ದಳು. ಹೊಸ ಜನರೇಷನ್ ಅಂದರೆ ಅವ್ವನ ಕೈ. ಏಟು ಎಣಿಸಬೇಡಿ, ನಂಬರ್ ಕೇಳಿ.

ರೊಟ್ಟಿ ಅಂದ ಕೂಡಲೇ ನೆನಪಾಯಿತು. ಈ ಚಾನೆಲ್‌ಗೆ ಯಾವ ಕಂಪನಿಯೂ ದುಡ್ಡು ಕೊಡುವುದಿಲ್ಲ. ನಮ್ಮ ಅತ್ತೆಯವರು ಶೇಂಗಾ ಹಿಂಡಿ ಡಬ್ಬಿ ಕಳಿಸುತ್ತಾರೆ, ಅದೇ ಪ್ರಾಯೋಜಕತ್ವ. ಅದಕ್ಕೇ ಇಷ್ಟು ಖಾರವಾಗಿ ಮಾತಾಡುತ್ತೇನೆ. ಸಬ್‌ಸ್ಕ್ರೈಬ್ ಮಾಡಿ. ಗಂಟೆ ಒತ್ತಿ. ಶರಣಬಸವೇಶ್ವರ ಗುಡಿಗೆ ಹೋದರೆ ಗಂಟೆ ಹೊಡೆಯದೆ ಬರುತ್ತೀರಾ? ಹಾಗೆ.

ಈಗ ಕೆಲವರು ಒಳಗೊಳಗೇ ನಗುತ್ತಿದ್ದೀರಿ. ನಾವು ಶೋರೂಮಿನಲ್ಲಿ ಸೀಲ್ ಒಡೆಸಿ ತಗೊಂಡವರು, ನಮಗೇನು ಅಂತ. ನಿಮಗೂ ಇದೆ. 2023ರ ಕೊನೆಗೆ ಇಂಟೆಲ್‌ನವರು ಹೊಸ ಚಿಪ್‌ಗಳ ಹೆಸರಿನಿಂದ ಐ ಅಕ್ಷರವನ್ನೇ ತೆಗೆದುಹಾಕಲು ಶುರು ಮಾಡಿದರು. ಈಗ ಕೋರ್ ಅಲ್ಟ್ರಾ 5, ಕೋರ್ ಅಲ್ಟ್ರಾ 7. ಅಲ್ಟ್ರಾ ಇಲ್ಲದ ಬರೀ ಕೋರ್ 7 ಕೂಡ ಇದೆ. ಅದರಲ್ಲಿ 150ಯು ಅಂತ ಒಂದು. ಹೆಸರು ಹೊಸದು, ಒಳಗಿರುವುದು 13ನೇ ಜನರೇಷನ್ ಜಾತಿಯದ್ದೇ. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಹೋಗಿ ಕಲಬುರಗಿ ಆಯಿತು. ಬಿಸಿಲು ಕಡಿಮೆ ಆಯಿತಾ?

ಇಂಟೆಲ್ ಬಿಟ್ಟು ಅದರ ಎದುರಾಳಿ ಕಂಪನಿ ಎಎಂಡಿಯ ಪ್ರೊಸೆಸರ್ ತಗೊಂಡವರೂ ಜಾಸ್ತಿ ಹಿಗ್ಗಬೇಡಿ. ರೈಜೆನ್ 5 7520ಯು ಅಂತ ಒಂದು ಬರುತ್ತದೆ. 7 ನೋಡಿದ ಕೂಡಲೇ 7000 ಸೀರೀಸ್, ಹೊಸದು ಅಂತ ಅನಿಸುತ್ತದೆ ಅಲ್ವಾ? ಆ ಸೀರೀಸಿನ ಲ್ಯಾಪ್‌ಟಾಪ್ ನಂಬರಿನಲ್ಲಿ ಮೊದಲ ಅಂಕಿ ಬರೀ ವರ್ಷದ್ದು. ಒಳಗಿನ ವಿನ್ಯಾಸ ಯಾವುದು ಅನ್ನುವುದು ಮೂರನೇ ಅಂಕಿಯಲ್ಲಿ ಅಡಗಿ ಕೂತಿದೆ. 7520ರಲ್ಲಿ ಮೂರನೇದು 2. ಅಂದರೆ ಝೆನ್ 2, 2019ರಲ್ಲಿ ಬಂದ ವಿನ್ಯಾಸ, ನಾಲ್ಕು ಕೋರ್. ಪಕ್ಕದಲ್ಲೇ 7530ಯು ಇರುತ್ತದೆ. ಝೆನ್ 3, ಆರು ಕೋರ್. ಒಂದೇ ಒಂದು ಅಂಕಿ ವ್ಯತ್ಯಾಸ. ಇದನ್ನು ಹೀಗೆ ಯೋಚಿಸಿದ ಪುಣ್ಯಾತ್ಮ ಯಾರೋ, ಅವರಿಗೆ ನಮ್ಮ ಗಂಜ್‌ನಲ್ಲಿ ಒಳ್ಳೆ ದಲ್ಲಾಳಿ ಕೆಲಸ ಸಿಗುತ್ತದೆ. ಇನ್ನೊಂದು, 7520ಯು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ (ಕೆಲಸದ ಹೊತ್ತಿನ ಮೆಮೊರಿ) ಬೋರ್ಡಿಗೇ ಬೆಸುಗೆ. ಆಮೇಲೆ ಹಾಕಿಸುತ್ತೇನೆ ಅಂತ 8 ಜಿಬಿ ತಗೊಂಡರೆ ಅದು ಸಾಯುವವರೆಗೂ 8 ಜಿಬಿಯೇ.

ಕೊನೆಯ ಅಕ್ಷರವನ್ನೂ ಬಿಡಬೇಡಿ. ಇದು ನನ್ನದೇ ಪೆಟ್ಟು, ಒಪ್ಪಿಕೊಳ್ಳುತ್ತೇನೆ. ಗೆಳೆಯನಿಗೆ ಒಂದು ಕಂಪ್ಯೂಟರ್ ಜೋಡಿಸಿ ಕೊಡಲು ಹೋಗಿ ಐ5-12400ಎಫ್ ತರಿಸಿದೆ, ಸ್ವಲ್ಪ ಕಡಿಮೆ ರೇಟಿಗೆ ಸಿಕ್ಕಿತು ಅಂತ. ಎಲ್ಲಾ ಜೋಡಿಸಿದೆ. ಬಟನ್ ಒತ್ತಿದೆ. ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು. ರ‍್ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದೆ. ಕಪ್ಪು. ಕೇಬಲ್ ಬದಲಿಸಿದೆ. ಕಪ್ಪು. ಮಾನಿಟರ್ ಕೆಟ್ಟಿದೆ ಅಂತ ಪಕ್ಕದ ಮನೆಯ ಮಾನಿಟರ್ ಹೊತ್ತು ತಂದೆ. ಏಪ್ರಿಲ್ ತಿಂಗಳು, ಬನಿಯನ್ ಒದ್ದೆ, ಗೆಳೆಯನ ಅವ್ವ ಎರಡನೇ ಸಲ ಚಹಾ ಕೊಟ್ಟು "ಬರ್ತದೇನಪಾ?" ಅಂತ ಕೇಳಿದರು. ಎರಡು ತಾಸಿನ ಮೇಲೆ ಪ್ರೊಸೆಸರ್ ಡಬ್ಬಿ ಮೇಲಿನ ಎಫ್ ಕಣ್ಣಿಗೆ ಬಿತ್ತು. ಎಫ್ ಅಂದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕಬೇಕು. ಕಾರ್ಡ್ ಇರಲಿಲ್ಲ. ಒಂದು ಅಕ್ಷರ ರೀ! ಆ ಚಹಾದ ಋಣ ಇನ್ನೂ ತೀರಿಲ್ಲ.

ಈಗ ಆಕ್ಷೇಪಣೆಗಳು. "ಎಲ್ಲರೂ ಇಂಜಿನಿಯರ್ ಆಗಬೇಕಾ?" ಅಂತೆ. ಬದನೆಕಾಯಿ ತಿರುಗಿಸಿ ನೋಡಿ ಹುಳ ಇದೆಯಾ ಅಂತ ಪರೀಕ್ಷೆ ಮಾಡುತ್ತೀರಲ್ಲ, ನೀವೇನು ಕೃಷಿ ವಿಜ್ಞಾನಿಯಾ? "16 ಜಿಬಿ ರ‍್ಯಾಮ್ ಇದೆಯಲ್ಲ?" ಕಾಕಾನ ಮಶೀನಿನಲ್ಲಿ ಇದೆ, ಹಳೇ ಕಾಲದ ಡಿಡಿಆರ್3. ಅದಕ್ಕೂ ಮಾಡೆಲ್ ಕೇಳಿ. ನಾಳೆ ಬೋರ್ಡ್ ಬದಲಿಸಿದರೆ ಆ ರ‍್ಯಾಮ್ ಹೊಸದಕ್ಕೆ ಕೂರುವುದೂ ಇಲ್ಲ. "ಎಸ್‌ಎಸ್‌ಡಿ ಹಾಕಿಸಿದರೆ ಹಳೇದೂ ಓಡುತ್ತದೆ." ಇದು ಮಾತ್ರ ನಿಜ, ಸುಳ್ಳು ಹೇಳಬಾರದು. ಫೈಲು ಇಡುವ ಹಳೇ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ನೂರು ನೂರೈವತ್ತು ಎಂಬಿ ಓದಲು ಏದುಸಿರು ಬಿಡುತ್ತದೆ, ಅದರ ಜಾಗಕ್ಕೆ ಬರುವ ಸಾದಾ ಸಾಟಾ ಎಸ್‌ಎಸ್‌ಡಿ ಐನೂರು ದಾಟುತ್ತದೆ. ಅರ್ಜಿ ಟೈಪ್ ಮಾಡಿ ಜೆರಾಕ್ಸ್ ಕೊಡುವ ಅಂಗಡಿಗೆ ಹಳೇ ಮಶೀನ್ ಸಾಕು. ಸಾಕು ಅಂದೆ, ಹದಿನಾರೂವರೆ ಸಾವಿರ ಕೊಡಿ ಅನ್ನಲಿಲ್ಲ! ಹಳೇದಕ್ಕೆ ಹಳೇ ರೇಟು. ರೇಟು ಗೊತ್ತಾಗಬೇಕಾದರೆ ಏನು ಕೇಳಬೇಕು? ನಂಬರ್ ಕೇಳಬೇಕು.

"ನಮ್ಮದರಲ್ಲಿ ವಿಂಡೋಸ್ 11 ಓಡುತ್ತಿದೆ" ಅಂತ ಕಾಕಾನೂ ಹೇಳಿದರು. ಓಡುತ್ತಿದೆ, ತಡೆ ತಪ್ಪಿಸಿ ಹಾಕಿಕೊಟ್ಟಿದ್ದಾರೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ಜನರೇಷನ್‌ನಿಂದ ಈಚೆಗಿನದನ್ನು. 3ನೇದಕ್ಕೆ ಲೆಕ್ಕದ ಪ್ರಕಾರ ಉಳಿದದ್ದು ವಿಂಡೋಸ್ 10. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದರೆ ಕಾಕಾನ ಐ7 ಟಿಕೆಟ್ ಇಲ್ಲದೆ ರೈಲು ಹತ್ತಿದೆ. ವಾಡಿ ಜಂಕ್ಷನ್ ಬಂದು ಟಿಸಿ ಹತ್ತುವವರೆಗೆ ಆರಾಮ.

ಅಂಗಡಿಯಲ್ಲಿ ಇದ್ದಾಗಲೇ ಕಂಪ್ಯೂಟರ್ ಆನ್ ಮಾಡಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ, ಪರ್ಫಾರ್ಮೆನ್ಸ್ ಒತ್ತಿ, ಮೇಲೆ ಪೂರ್ತಿ ಹೆಸರು ಕಾಣುತ್ತದೆ. ಅದನ್ನೇ ಬಿಲ್ಲಿನ ಮೇಲೆ ಬರೆಸಿ. "ಐ7 ಪಿಸಿ, ಒಂದು" ಅಂತ ಬರೆದರೆ ಬಿಲ್ ವಾಪಸ್ ಕೊಡಿ. ಅಂಗಡಿಯವರು "ಏ ಅಣ್ಣಾ, ಎಲ್ಲಾ ಒಂದೇ" ಅಂದರೆ, ಎಲ್ಲಾ ಒಂದೇ ಇದ್ದರೆ ಐ3 ರೇಟಿಗೆ ಕೊಡ್ರಿ ಅನ್ನಿ. ಮುಖ ನೋಡಿ ಆಗ.

ಇನ್ನೂ ಎರಡು ಪುಟ ಸ್ಕ್ರಿಪ್ಟ್ ಇದೆ. ಮಾನಿಟರ್ ಬಗ್ಗೆ, ಯುಪಿಎಸ್ ಬಗ್ಗೆ. ಇವತ್ತು ಬೇಡ. ಇವತ್ತು ನಂಬರ್, ನಂಬರ್, ನಂಬರ್. ಟೀಶರ್ಟ್ ಮೇಲೆ ಹಾಕಿಸಬೇಕು ಅಂತ ಯೋಚನೆ ಇದೆ. ಯಾರಿಗೆ ಬೇಕೋ ಕೆಳಗೆ ಬರೆಯಿರಿ, ಇಪ್ಪತ್ತು ಜನ ಆದರೆ ಪ್ರಿಂಟ್ ಹಾಕಿಸುತ್ತೇನೆ. ಕಾಕಾಗೆ ಒಂದು ಫ್ರೀ.

ಇರಿ, ಆ ಕಾಮೆಂಟ್ ಬರೆದವರಿಗೆ ಬೆಳಗ್ಗೆ ನಾನು "ಯಾವ ಐ7 ಅಣ್ಣಾ, ನಂಬರ್?" ಅಂತ ಕೇಳಿದ್ದೆ. ಉತ್ತರ ಬಂದಿದೆ. ಒಂದು ಫೋಟೊ. ಡಬ್ಬಿ ಮೇಲಿನ ನೀಲಿ ಸ್ಟಿಕರ್ ಫೋಟೊ. ಹತ್ತಿರದಿಂದ, ಚೆನ್ನಾಗಿ ಫೋಕಸ್ ಮಾಡಿ ತೆಗೆದಿದ್ದಾರೆ. ಮೇಲೆ "ಐ7" ಅಂತಿದೆ. ಕೆಳಗೆ ಬರೆದಿದ್ದಾರೆ, "ನೋಡಿ ಬ್ರೋ."

ನೋಡಿದೆ ಬ್ರೋ. ಮುಂದಿನ ವಾರ ಪ್ರಿಂಟರ್. ಮಾಡೆಲ್ ನಂಬರ್ ಕಳಿಸಿ. ಸ್ಟಿಕರ್ ಕಳಿಸಿದವರನ್ನು ಬ್ಲಾಕ್ ಮಾಡುತ್ತೇನೆ.