ಬೀರುವಿನಲ್ಲಿ ಮಲಗಿದ ರಿವಾಲ್ವರ್

ನಮಸ್ಕಾರ. ಇವತ್ತು ಕಾಫಿ ರೇಟಿನ ಮಾತಿಲ್ಲ, ಆನೆಯ ಮಾತೂ ಇಲ್ಲ. ಹಳೆಯ ರಿವಾಲ್ವರ್‌ಗಳ ಬಗ್ಗೆ ಮಾತನಾಡುತ್ತೇನೆ. ಕೆಲವರಿಗೆ ಕೋಪ ಬರಬಹುದು, ಬರಲಿ.

2024ರ ಲೋಕಸಭಾ ಚುನಾವಣೆಗೆ ಮುಂಚೆ, ಪ್ರತಿ ಚುನಾವಣೆಯಲ್ಲೂ ಆಗುವಂತೆ, ಕೋವಿ ಲೈಸೆನ್ಸ್ ಇರುವವರೆಲ್ಲ ಅವನ್ನು ಪೊಲೀಸರಿಗೆ ಒಪ್ಪಿಸಲು ಠಾಣೆಯ ಜಗಲಿಯಲ್ಲಿ ಸಾಲಾಗಿ ನಿಂತಿದ್ದೆವು. ಗೋಣಿಚೀಲದಲ್ಲಿ ಸುತ್ತಿದ ತೋಟಾ (ಕಾರ್ಟ್ರಿಜ್) ಹಾಕುವ ಕೋವಿಗಳು, ನಳಿಗೆಗೆ ಮದ್ದು ತುಂಬುವ ಒಂದೆರಡು ಹಳೆಯ ಕೇಪಿನ ಕೋವಿಗಳು. ನನ್ನ ಮುಂದಿದ್ದ ಹಿರಿಯ ಬೆಳೆಗಾರರೊಬ್ಬರು ಬಟ್ಟೆಯ ಕೈಚೀಲದಿಂದ ಚರ್ಮದ ಉರೆಯೊಂದನ್ನು ತೆಗೆದರು. ಒಳಗಿನ ರಿವಾಲ್ವರ್ ಎಳೆದರೂ ಬರಲಿಲ್ಲ. ಎಷ್ಟೋ ಮಳೆಗಾಲದ ತುಕ್ಕು ಉಕ್ಕನ್ನೂ ಚರ್ಮವನ್ನೂ ಬೆಸೆದುಬಿಟ್ಟಿತ್ತು.

"ಗೌಡರೇ, ಕೊನೆಯ ಸಲ ಹೊಡೆದದ್ದು ಯಾವಾಗ?" ಎಂದೆ.

"ಹೊಡೆಯುವುದಕ್ಕಲ್ಲ ಮಾರಾಯ, ಇರಲಿ ಅಂತ."

ಗುಂಡು ತುಂಬಿದೆಯೇ ಎಂದು ಪೇದೆ ಕೇಳಿದರೆ ಅದೂ ಅವರಿಗೆ ಗೊತ್ತಿಲ್ಲ! ಮೂತಿಯನ್ನು ಅಂಗಳದ ಮರಳು ರಾಶಿಯತ್ತ ತಿರುಗಿಸಿ, ಹರಸಾಹಸ ಮಾಡಿ ತೆರೆದಾಗ ಒಳಗೆ ಎರಡು ತೋಟಾಗಳು ಹಸಿರು ಕಿಲುಬು ಹಿಡಿದು ಕುಳಿತಿದ್ದವು.

ರಿವಾಲ್ವರ್ ನನ್ನ ಹವ್ಯಾಸ ಎಂದರೆ ನೆಂಟರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ಅದೇ ಜನ "ಇರಲಿ ಅಂತ" ಇಟ್ಟುಕೊಂಡವರನ್ನು ಮರ್ಯಾದಸ್ಥರು ಎನ್ನುತ್ತಾರೆ. ನನಗೆ ಭಯವಿರುವುದು ಆ ಮರ್ಯಾದಸ್ಥರದ್ದೇ. ಗುರಿಹಲಗೆಗೆ ಹೊಡೆದು ಅಭ್ಯಾಸವಿರುವವನಿಗೆ ತನ್ನ ಕೈ ಎಷ್ಟು ನಡುಗುತ್ತದೆ ಎಂಬುದು ಗೊತ್ತಿರುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಿದವನಿಗೆ ಅದು ಗೊತ್ತಾಗುವುದು ಎಲ್ಲ ಮುಗಿದ ಮೇಲೆ.

ನನ್ನದು ಅಪ್ಪನಿಂದ ಬಂದ ವೆಬ್ಲಿ ಮಾರ್ಕ್ ಫೋರ್, .32 ಬೋರ್, ಅಂದರೆ ನಳಿಗೆಯ ಒಳ ಅಗಲ ಸುಮಾರು 0.32 ಇಂಚು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು. ಹೆಬ್ಬೆರಳಿನಿಂದ ಪಕ್ಕದ ಸನ್ನೆಯನ್ನು ಒತ್ತಿದರೆ ನಳಿಗೆ ಮುಂದಕ್ಕೆ ಬಾಗಿ ಇಡೀ ರಿವಾಲ್ವರ್ ನಡುವಿನಲ್ಲಿ ಬಾಯಿ ತೆರೆಯುತ್ತದೆ. ಅದೇ ಹೊತ್ತಿಗೆ ನಕ್ಷತ್ರದಾಕಾರದ ಬಿಲ್ಲೆಯೊಂದು ಮೇಲೆದ್ದು ಆರೂ ಖಾಲಿ ತೋಟಾಗಳನ್ನು ಒಟ್ಟಿಗೆ ಹೊರಗೆ ತಳ್ಳಿ, ಟಕ್ಕೆಂದು ಮತ್ತೆ ಒಳಗೆ ಕೂರುತ್ತದೆ. ಬ್ಯಾಟರಿ ಇಲ್ಲ, ತಂತಿ ಇಲ್ಲ. ಸ್ಪ್ರಿಂಗು, ಹಲ್ಲು, ಸನ್ನೆ ಅಷ್ಟೇ. ಕಾನ್ಪುರದಲ್ಲಿ ನಮ್ಮ ಸರ್ಕಾರದ ಒಡೆತನದ ಕಾರ್ಖಾನೆ ತಯಾರಿಸುವ .32 ರಿವಾಲ್ವರ್‌ಗೂ ಇದೇ ಮೂಲ. 2014ರಲ್ಲಿ ಮಹಿಳೆಯರಿಗೆಂದು ಬಿಡುಗಡೆಯಾದ ನಿರ್ಭೀಕ್ ಕೂಡ ಇದೇ ಬೋರಿನದು.

ಸಂಗ್ರಾಹಕ ಎಂದುಕೊಳ್ಳಲು ನನಗೆ ನಾಚಿಕೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಬಂದೂಕು ಇಟ್ಟುಕೊಳ್ಳುವಂತಿಲ್ಲ, ಮೊದಲು ಮೂರಿತ್ತು. ತೋಟಕ್ಕೊಂದು ಕೋವಿ ಬೇಕೇ ಬೇಕು. ಉಳಿದದ್ದು ಒಂದು. ಹಾಗಾಗಿ ಚಿಕ್ಕಮಗಳೂರು ಜಿಲ್ಲೆಯ ಈ ಮಹಾ ಸಂಗ್ರಾಹಕನ ಸಂಗ್ರಹದಲ್ಲಿರುವುದು ಒಂದೇ ಒಂದು ರಿವಾಲ್ವರ್, ಮೂರು ಹಳೆಯ ಚರ್ಮದ ಉರೆಗಳು ಮತ್ತು ಒಂದು ಪೆಟ್ಟಿಗೆ ಕ್ಯಾಟಲಾಗುಗಳು. ಈ ಮಿತಿಯ ಬಗ್ಗೆ ನನ್ನ ತಕರಾರಿಲ್ಲ. ಒಂದೇ ಇದ್ದರೆ ಅದರ ಪ್ರತಿಯೊಂದು ಗೀರೂ ಪರಿಚಯವಾಗುತ್ತದೆ.

ಅಂದ ಹಾಗೆ, ಆ ಉರೆಗಳು ಬರೀ ನೋಡುವುದಕ್ಕೆ. ನಮ್ಮ ಮಲೆನಾಡಿನ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿಯಲ್ಲಿ ಚರ್ಮ ನೀರು ಕುಡಿಯುತ್ತದೆ, ಕುಡಿದ ನೀರನ್ನು ಉಕ್ಕಿಗೆ ಉಣಿಸುತ್ತದೆ. ಎಣ್ಣೆ ಸವರಿದ ಹತ್ತಿಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿಡಿ. ಇನ್ನೊಂದು ಮಾತು: ಆಯುಧಪೂಜೆಗೆ ಹೊಳೆಯಲಿ ಎಂದು ಹಳೆಯ ವೆಬ್ಲಿಗೆ ನಿಕಲ್ ಪಾಲಿಷ್ ಮಾಡಿಸುವವರಿದ್ದಾರೆ. ಆ ಮಾಸಿದ ನೀಲಿಗಪ್ಪು ಬಣ್ಣವೇ ಅದರ ಜಾತಕ. ಅದನ್ನು ಉಜ್ಜಿ ತೆಗೆಯುವುದೂ ಅಜ್ಜನ ಪತ್ರಗಳನ್ನು ಒಲೆಗೆ ಹಾಕುವುದೂ ನನಗೆ ಒಂದೇ.

"ಇದರಿಂದ ಏನನ್ನು ಹೊಡೆಯುತ್ತೀರಿ?" ಎಂದು ಕೇಳುತ್ತಾರೆ. ಕಾಗದವನ್ನು. ತೋಟಕ್ಕೆ ನುಗ್ಗುವ ಆನೆಯ ಎದುರು .32 ಎಂದರೆ ಸೊಳ್ಳೆ. ಕಾಡುಪ್ರಾಣಿಯ ಮೇಲೆ ಕೈ ಎತ್ತಿದರೆ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಕಾದಿದೆ. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಹಾರಿಸಿ ಯಾರಿಗಾದರೂ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆಗಲಿ, ಆ ಗಂಡಸುತನ ನನಗೂ ಬೇಡ. ಆದರೆ .32 ಬೋರನ್ನು ಆಟಿಕೆ ಎಂದು ನಗುವವರಿಗೆ ಒಂದು ವಿಷಯ: 25 ಮೀಟರ್ ಸೆಂಟರ್ ಫೈರ್ (ತೋಟಾದ ತಳದ ನಡುವೆ ಬಡಿದು ಸಿಡಿಸುವ) ಪಿಸ್ತೂಲ್ ಸ್ಪರ್ಧೆಗಳಲ್ಲಿ ಅಂತರರಾಷ್ಟ್ರೀಯ ಶೂಟರ್‌ಗಳು ನೆಚ್ಚಿಕೊಂಡಿರುವುದು ಇದೇ .32 ತೋಟಾವನ್ನು. ಒದೆತ ಕಡಿಮೆ, ನಿಖರತೆ ಹೆಚ್ಚು.

ನಾನು ಅಭ್ಯಾಸಕ್ಕೆ ಬೆಂಗಳೂರಿನ ಶೂಟಿಂಗ್ ರೇಂಜ್‌ಗೆ ಹೋಗಬೇಕು. ಹೋಗಿ ಬರಲು ಒಂದು ದಿನ. ತಾಲ್ಲೂಕಿಗೊಂದಲ್ಲದಿದ್ದರೂ ಜಿಲ್ಲೆಗೊಂದು ರೇಂಜ್ ಇರಲಿ, ಲೈಸೆನ್ಸ್ ನವೀಕರಿಸುವ ಮುನ್ನ ಹತ್ತು ಗುಂಡು ಹೊಡೆದು ತೋರಿಸಿ ಎಂದು ಕೇಳಲಿ ಎಂಬುದು ನನ್ನ ವಾದ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಸುರಕ್ಷತಾ ತರಬೇತಿಯ ಮಾತಿದೆ, ಒಳ್ಳೆಯದೇ. ಆದರೆ ಒಮ್ಮೆ ಕಲಿತದ್ದು ಕೈಯಲ್ಲಿ ಎಷ್ಟು ದಿನ ಉಳಿಯುತ್ತದೆ?

ಚುನಾವಣೆ ಮುಗಿದ ಮೇಲೆ ಗೌಡರು ತಮ್ಮದನ್ನು ದುರಸ್ತಿಯ ಲೈಸೆನ್ಸ್ ಇರುವ ಅಂಗಡಿಗೆ ಕೊಟ್ಟು ಸರಿ ಮಾಡಿಸಿದರು. ನನ್ನ ಒತ್ತಾಯಕ್ಕೆ ಒಂದು ದಿನ ಬೆಂಗಳೂರಿಗೂ ಬಂದರು. ಆರು ಗುಂಡುಗಳಲ್ಲಿ ಒಂದೂ ಕಾಗದಕ್ಕೆ ತಾಗಲಿಲ್ಲ. ಊರಿಗೆ ಮರಳುವಾಗ ಹಾಸನದ ಹೋಟೆಲ್ಲಿನಲ್ಲಿ ದೋಸೆ ಮುಗಿಯುವವರೆಗೂ ಅವರು ಮಾತೇ ಆಡಲಿಲ್ಲ. ಕೈ ತೊಳೆದು ಬಂದು ಕುಳಿತು, "ಇದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಇಪ್ಪತ್ತು ವರ್ಷ ಧೈರ್ಯವಾಗಿ ಮಲಗಿದ್ದೆನಲ್ಲ ಮಾರಾಯ" ಎಂದರು. ಆಮೇಲೆ ಇನ್ನೊಂದು ಕಾಫಿ ಹೇಳಿದರು.