300 ಜನರ ತಂಡ, ಒಂದು ಬಗ್ ಟ್ರ್ಯಾಕರ್

ಕೇಳುಗರಿಗೆ ನಮಸ್ಕಾರ.

ಪುಣೆಯ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆ ಬೆಳಿಗ್ಗೆ ಬಸ್ಸು ಹಿಡಿಯುವ ಕನ್ನಡಿಗರಲ್ಲಿ ಸಾಫ್ಟ್‌ವೇರ್ ಬರೆಯುವವರು, ಅದನ್ನು ಪರೀಕ್ಷಿಸುವವರು, ಗಿರಾಕಿಯ ಫೋನಿಗೆ ಉತ್ತರ ಕೊಡುವವರು ಎಲ್ಲ ಇದ್ದೀರಿ. ಕೆಲಸ ಬೇರೆ ಬೇರೆ, ಆದರೆ ದಿನವಿಡೀ ಕಣ್ಣೆದುರು ತೆರೆದಿರುವ ಪುಟ ಒಂದೇ: ಬಗ್ ಟ್ರ್ಯಾಕರ್, ಅಂದರೆ ಸಾಫ್ಟ್‌ವೇರ್‌ನ ದೋಷಗಳನ್ನು (ಬಗ್) ದಾಖಲಿಸಿ, ಸರಿಯಾಗುವವರೆಗೆ ಲೆಕ್ಕ ಇಡುವ ವ್ಯವಸ್ಥೆ. ತಂಡದಲ್ಲಿ 10 ಜನ ಇದ್ದಾಗ ಎಕ್ಸೆಲ್ ಹಾಳೆಯಲ್ಲೇ ನಡೆದುಹೋಗುತ್ತದೆ. ಗೊತ್ತಾಗದಿದ್ದರೆ ಪಕ್ಕದ ಮೇಜಿನವರನ್ನು ಕೇಳಿದರಾಯಿತು. 300 ಜನರಾದಾಗ, ಅರ್ಧ ಮಂದಿ ಪುಣೆಯಲ್ಲಿ, ಇನ್ನರ್ಧ ಬೆಂಗಳೂರಿನಲ್ಲಿ ಕೂತಾಗ, ಯಾವ ಟ್ರ್ಯಾಕರ್ ತರಬೇಕು ಅನ್ನುವುದು ದೊಡ್ಡ ಪ್ರಶ್ನೆಯಾಗುತ್ತದೆ.

ಸಾಮಾನ್ಯವಾಗಿ ಯಾರೋ ಒಬ್ಬರು ಐದಾರು ಹೆಸರು ಬರೆದು, ಪ್ರತಿಯೊಂದರ ಮುಂದೆ ಸೌಲಭ್ಯಗಳಿಗೆ ಟಿಕ್ ಹಾಕುತ್ತ ಹೋಗುತ್ತಾರೆ. ಆ ಪಟ್ಟಿಯಿಂದ ಏನೂ ತಿಳಿಯುವುದಿಲ್ಲ. ಎಲ್ಲದಕ್ಕೂ ಟಿಕ್ ಬಿದ್ದಿರುತ್ತದೆ! ಅದರ ಬದಲು ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮಲ್ಲಿ ಬಗ್ ಒಂದು ದಾಖಲಾದಾಗಿನಿಂದ ಮುಚ್ಚುವವರೆಗೆ ಯಾರ ಯಾರ ಕೈ ದಾಟುತ್ತದೆ, ಬರೆಯಿರಿ. ಹೊಸದು, ಒಪ್ಪಿದ್ದು, ಕೆಲಸ ನಡೆದಿದೆ, ಸರಿಪಡಿಸಿದ್ದು, ಟೆಸ್ಟ್ ಮಾಡಿದ್ದು, ಮುಚ್ಚಿದ್ದು. ಆರು ಹಂತ ಸಾಕು. ಹನ್ನೆರಡು ಹಂತ ಬಂದರೆ, ಅದರಲ್ಲಿ ಅರ್ಧ ಮ್ಯಾನೇಜರ್‌ಗಳ ವರದಿಗಾಗಿ ಹುಟ್ಟಿದವು, ಹೊಡೆದುಹಾಕಿ.

ಇನ್ನು ಹೆಸರುಗಳು. ಬಗ್‌ಜಿಲ್ಲಾ 1998ರಲ್ಲಿ ಮೊಜಿಲ್ಲಾ ಬ್ರೌಸರ್ ಯೋಜನೆಯೊಳಗೆ ಬಂದದ್ದು. ಮುಕ್ತ ತಂತ್ರಾಂಶ, ನೋಡಲು ಹಳೆಯ ಕಾಲದ್ದು, ಆದರೆ ಗಟ್ಟಿ. ಜಿರಾ 2002ರದು. ಅದನ್ನು ಕಟ್ಟಿದವರು ಮೊದಲು ಬಗ್‌ಜಿಲ್ಲಾ ಬಳಸುತ್ತಿದ್ದರು. ಹೆಸರಿನ ಹೋಲಿಕೆಯಿಂದ ಅದನ್ನು ಗೊಜಿರಾ ಎಂದು ಕರೆಯುತ್ತಿದ್ದರು. ಸಿನಿಮಾದ ಗಾಡ್‌ಜಿಲ್ಲಾ ಎಂಬ ದೈತ್ಯ ಪ್ರಾಣಿಗೆ ಜಪಾನಿಯಲ್ಲಿ ಗೊಜಿರಾ ಎನ್ನುತ್ತಾರೆ, ಆ ಹೆಸರಿನ ಬಾಲವೇ ಜಿರಾ. ರೆಡ್‌ಮೈನ್, ಮ್ಯಾಂಟಿಸ್, ಯೂಟ್ರ್ಯಾಕ್ ಇವೆ. ಕೋಡ್ ಇಡುವ ತಾಣಗಳಾದ ಗಿಟ್‌ಹಬ್, ಗಿಟ್‌ಲ್ಯಾಬ್‌ಗಳ ಒಳಗೇ ಇಶ್ಯೂ ಪಟ್ಟಿ, ಅಂದರೆ ಬಗ್‌ಗಳ ಪಟ್ಟಿ ಇದೆ. ನಿಮ್ಮ ಕೋಡ್ ಈಗಾಗಲೇ ಗಿಟ್‌ಲ್ಯಾಬ್‌ನಲ್ಲಿದ್ದರೆ ಮೊದಲು ಅದನ್ನೇ ಪರೀಕ್ಷಿಸಿ ನೋಡಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ತಂಡಗಳು ಕಡಿಮೆಯೇನಿಲ್ಲ.

ಹಣದ ಲೆಕ್ಕಕ್ಕೆ ಬರೋಣ. ಬಾಡಿಗೆ ಟ್ರ್ಯಾಕರ್‌ಗಳು ತಲೆಗಿಷ್ಟು ಎಂದು ತಿಂಗಳಿಗೆ ಲೆಕ್ಕ ಹಾಕುತ್ತವೆ. 180 ಡೆವಲಪರ್‌ಗಳು, 60 ಟೆಸ್ಟರ್‌ಗಳು ಎಂದು 240ಕ್ಕೆ ಗುಣಿಸಿ ಕೂತರೆ ತಪ್ಪು. ಸಪೋರ್ಟ್‌ನ 40 ಮಂದಿ, ಮೇಲಿನವರು 20, ಅಷ್ಟನ್ನೂ ಸೇರಿಸಿ. ಇನ್ನೊಂದು ಗುಂಡಿ ಇದೆ. ಜಿರಾ ಕ್ಲೌಡ್‌ನಲ್ಲಿ, ಅಂದರೆ ಬಾಡಿಗೆಗೆ ಸಿಗುವ ಜಿರಾದಲ್ಲಿ, ಹೆಚ್ಚುವರಿ ಆ್ಯಪ್‌ಗಳ ಬೆಲೆ ಸಾಮಾನ್ಯವಾಗಿ ಜಿರಾದ ಒಟ್ಟು ಬಳಕೆದಾರರ ಮೇಲೆಯೇ ನಿಂತಿರುತ್ತದೆ. ಪರೀಕ್ಷೆಗಳ ಪಟ್ಟಿ ಇಡುವ ಟೆಸ್ಟ್ ಕೇಸ್ ಆ್ಯಪ್ ಬೇಕಾದದ್ದು 60 ಜನರಿಗೆ, ಹಣ ಕಟ್ಟುವುದು 300 ಜನರಿಗೆ. ಅಂಥ ಮೂರು ಆ್ಯಪ್ ಸೇರಿದರೆ ಮೂಲ ಬೆಲೆಗಿಂತ ಅವುಗಳದೇ ಭಾರ ಹೆಚ್ಚಾಗಬಹುದು. ಆದ್ದರಿಂದ ಆ್ಯಪ್‌ಗಳನ್ನೂ ಸೇರಿಸಿ ಮೂರು ವರ್ಷದ ಮೊತ್ತ ಬರೆಯಿರಿ. ಉಚಿತ ತಂತ್ರಾಂಶ ಅಂದರೂ ಪುಕ್ಕಟೆಯಲ್ಲ: ಸರ್ವರ್, ಬ್ಯಾಕಪ್, ಅಪ್‌ಗ್ರೇಡ್, ಇವನ್ನು ನೋಡಿಕೊಳ್ಳಲು ಒಬ್ಬರು ಬೇಕು, ಅವರು ರಜೆ ಹಾಕಿದಾಗ ಇನ್ನೊಬ್ಬರು ಬೇಕು.

ಎರಡು ಹೆಸರು ಉಳಿಸಿಕೊಂಡ ಮೇಲೆ ನಿಜವಾದ ಪರೀಕ್ಷೆ. ಮಾರಾಟಗಾರರ ಡೆಮೊದಲ್ಲಿ 20 ಬಗ್ ಇರುತ್ತವೆ, ಎಲ್ಲವೂ ಅಂದವಾಗಿರುತ್ತವೆ. ನೀವು ನಿಮ್ಮದೇ ಹಳೆಯ 200 ಬಗ್ ಎತ್ತಿಕೊಳ್ಳಿ. ಜಗಳವಾದದ್ದು, ಮೂರು ಸಲ ಮರಳಿ ತೆರೆದದ್ದು, ಎರಡು ತಂಡಗಳ ನಡುವೆ ಚೆಂಡಿನಂತೆ ಓಡಾಡಿದ್ದು, ಇವೆಲ್ಲ ಅದರಲ್ಲಿರಲಿ. ಮೂರು ವಾರ, ಒಬ್ಬ ಟೆಸ್ಟರ್, ಒಬ್ಬ ಡೆವಲಪರ್, ಒಬ್ಬ ಸಪೋರ್ಟ್‌ನವರು, ದಿನವೂ ಬಳಸಲಿ. ಗಡಿಯಾರ ಹಿಡಿದು ಒಂದು ಬಗ್ ದಾಖಲಿಸಲು ಎಷ್ಟು ಹೊತ್ತಾಯಿತು ಅಳೆಯಿರಿ. ಐದು ನಿಮಿಷ ದಾಟಿದರೆ ಜನ ಟ್ರ್ಯಾಕರ್ ಬಿಟ್ಟು ವಾಟ್ಸಾಪ್‌ನಲ್ಲಿ ಹೇಳಲು ಶುರುಮಾಡುತ್ತಾರೆ.

ಹೊತ್ತು ತಿನ್ನುವುದು ಕಡ್ಡಾಯ ಕಾಲಂಗಳು. 20 ಕಡ್ಡಾಯ ಕಾಲಂ ಇಟ್ಟರೆ ಟೆಸ್ಟರ್ ಪ್ರತಿ ಪಟ್ಟಿಯಲ್ಲೂ ಮೊದಲ ಆಯ್ಕೆಯನ್ನು ಒತ್ತಿ ಮುಂದೆ ಹೋಗುತ್ತಾರೆ. ತಿಂಗಳ ಕೊನೆಗೆ ವರದಿ ತೆಗೆದರೆ ಎಲ್ಲ ಬಗ್‌ಗಳೂ ಅಕೌಂಟ್ಸ್ ವಿಭಾಗದವು! ಅಕೌಂಟ್ಸ್‌ನವರ ತಪ್ಪಲ್ಲ, ಅಕ್ಷರಾನುಕ್ರಮದ ತಪ್ಪು. ಶೀರ್ಷಿಕೆ, ಭಾಗ, ಬಿಲ್ಡ್ ಸಂಖ್ಯೆ (ಪರೀಕ್ಷಿಸಿದ ಆವೃತ್ತಿಯದು), ಮರುಕಳಿಸುವ ಹೆಜ್ಜೆಗಳು, ಆಗಬೇಕಾದದ್ದು ಮತ್ತು ಆದದ್ದು, ತೀವ್ರತೆ. ಇಷ್ಟೇ ಕಡ್ಡಾಯವಿರಲಿ. ಶೀರ್ಷಿಕೆ ಎಂದರೆ 'ಲಾಗಿನ್ ಆಗ್ತಿಲ್ಲ' ಎಂದಲ್ಲ. 'ಪಾಸ್‌ವರ್ಡ್ ಬದಲಿಸಿದ ಮೇಲೆ ಹಳೆಯ ಟ್ಯಾಬ್‌ನಿಂದ ಲಾಗಿನ್ ಆದರೆ ಖಾಲಿ ಪರದೆ' ಎಂದು. ಎರಡನೆಯದನ್ನು ಓದಿದ ಡೆವಲಪರ್‌ಗೆ ಯಾವ ಫೈಲ್ ತೆರೆಯಬೇಕೆಂಬ ಅಂದಾಜು ಆಗಲೇ ಸಿಕ್ಕಿರುತ್ತದೆ.

ತೀವ್ರತೆಯನ್ನೂ ಆದ್ಯತೆಯನ್ನೂ ಒಂದೇ ಕಾಲಂನಲ್ಲಿ ತುರುಕುವ ಟ್ರ್ಯಾಕರ್ ಬೇಡ. ಮಾರ್ಚ್ 31ರ ವರ್ಷಾಂತ್ಯದ ವರದಿ ಕ್ರ್ಯಾಶ್ ಆಗುತ್ತಿದೆ ಅನ್ನಿ. ತೀವ್ರತೆ ಯಾವಾಗಲೂ ಹೆಚ್ಚೇ. ಆದರೆ ಆಗಸ್ಟ್‌ನಲ್ಲಿ ಆದ್ಯತೆ ಕಡಿಮೆ, ಮಾರ್ಚ್‌ನಲ್ಲಿ ಎಲ್ಲಕ್ಕಿಂತ ಮೊದಲು. ತೀವ್ರತೆಯನ್ನು ಟೆಸ್ಟರ್ ಹೇಳಲಿ, ಆದ್ಯತೆಯನ್ನು ದಿನವೂ 20 ನಿಮಿಷ ಕೂತು ಹೊಸ ಬಗ್ ವಿಂಗಡಿಸುವವರು ಹೇಳಲಿ. ಬಗ್‌ಜಿಲ್ಲಾದಲ್ಲಿ ಪ್ರತಿ ಭಾಗಕ್ಕೂ ಒಬ್ಬ ವಾರಸುದಾರರ ಹೆಸರು ಮೊದಲೇ ಇರುತ್ತದೆ, ಬಗ್ ನೇರವಾಗಿ ಅವರ ಹೆಸರಿಗೆ ಬೀಳುತ್ತದೆ. ದೊಡ್ಡ ತಂಡಕ್ಕೆ ಇದು ಬಹಳ ಉಪಕಾರಿ. ಯಾವುದೇ ಟ್ರ್ಯಾಕರ್ ತಂದರೂ ಈ ಸೌಲಭ್ಯ ಇದೆಯೇ ನೋಡಿ.

ಕನ್ನಡದಲ್ಲೂ ಪರೀಕ್ಷೆ ಮಾಡಿ. ಇದನ್ನು ಹಲವರು ಮರೆಯುತ್ತಾರೆ. ಕನ್ನಡ ಮೆನು ಇರುವ ಆ್ಯಪ್ ನಿಮ್ಮದಾದರೆ ಬಗ್ ವಿವರಣೆಯಲ್ಲಿ ಕನ್ನಡ ಪದ ಬಂದೇ ಬರುತ್ತದೆ. 'ಸಾಫ್ಟ್‌ವೇರ್' ಎಂದು ಬರೆಯುವಾಗ ವೇ ಅಕ್ಷರ ಒತ್ತಾಗಿ ಕೆಳಗಿಳಿಯದಂತೆ ನಡುವೆ ಕಾಣದ ಸಂಕೇತವೊಂದು ಕೂತಿರುತ್ತದೆ. ಒಬ್ಬರು ಅದನ್ನು ಹಾಕಿ ಬರೆದಿದ್ದಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ. ಬಗ್ ಸಿಗುವುದಿಲ್ಲ, ಅದೇ ಬಗ್ ಮತ್ತೆ ದಾಖಲಾಗುತ್ತದೆ. ಇನ್ನೊಂದು, ಹಳೆಯ ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ಅಕ್ಷರಗಳನ್ನು ಉಳಿಸುವ ಯುಟಿಎಫ್8 ಎಂಬ ಆಯ್ಕೆ ಒಂದು ಅಕ್ಷರಕ್ಕೆ 3 ಬೈಟ್ ಮಾತ್ರ ಕೊಡುತ್ತದೆ. ಕನ್ನಡ ಅಕ್ಷರಕ್ಕೆ 3 ಸಾಕು, ಎಮೋಜಿಗೆ 4 ಬೇಕು. ಗಿರಾಕಿಯ ದೂರಿನಲ್ಲಿ ಒಂದು ಅಳುಮುಖ ಇದ್ದರೆ ಸಾಕು, ದೂರು ಉಳಿಯದೆ ಎರರ್ ಬರುತ್ತದೆ, ಇಲ್ಲವೇ ಅಲ್ಲಿಂದ ಮುಂದಿನ ಪಠ್ಯ ಕತ್ತರಿಸಿ ಹೋಗುತ್ತದೆ. ಸ್ಥಾಪಿಸುವಾಗಲೇ ಯುಟಿಎಫ್8ಎಂಬಿ4 ಆರಿಸಿ.

ಸ್ವಂತ ಸರ್ವರ್ ಇಟ್ಟವರಿಗೆ ಮೊದಲ ವಾರವೇ ಬರುವ ದೂರು: ಸ್ಕ್ರೀನ್‌ಶಾಟ್ ಏರುತ್ತಿಲ್ಲ, 413 ಎಂಬ ಎರರ್, ಅಂದರೆ ಫೈಲ್ ತೀರ ದೊಡ್ಡದು ಎಂದು. ಟ್ರ್ಯಾಕರ್‌ನ ಸೆಟ್ಟಿಂಗ್‌ನಲ್ಲಿ 20 ಎಂಬಿ ಎಂದು ಬರೆದಿರುತ್ತದೆ, ಆದರೂ ಏರುವುದಿಲ್ಲ. ಕಾರಣ, ಎದುರಿಗೆ ಕೂತ ಎಂಜಿನ್‌ಎಕ್ಸ್ ವೆಬ್ ಸರ್ವರ್‌ನ ಮೂಲ ಮಿತಿ 1 ಎಂಬಿ. ಎರಡು ಕಡೆಯೂ ಬದಲಿಸಬೇಕು. ಬಗ್‌ಜಿಲ್ಲಾದಂತೆ ಫೈಲನ್ನು ಡೇಟಾಬೇಸ್‌ನೊಳಗೇ ಇಡುವ ಟ್ರ್ಯಾಕರ್ ಆದರೆ ಮೈಎಸ್‌ಕ್ಯುಎಲ್ ಒಂದು ಸಲಕ್ಕೆ ಒಳಬಿಡುವ ಗಾತ್ರವನ್ನು ತಡೆಯುವ ಪ್ಯಾಕೆಟ್ ಮಿತಿಯನ್ನೂ ಏರಿಸಬೇಕು. ಹೀಗೆ ಮೂರು ಕಡೆ.

ಆ ಸ್ಕ್ರೀನ್‌ಶಾಟ್‌ನೊಳಗೆ ಏನಿದೆ ಅನ್ನುವುದನ್ನೂ ನೋಡಿ. ಪಾವತಿ ವ್ಯವಸ್ಥೆಯ ಮಾಹಿತಿಯನ್ನು ಭಾರತದೊಳಗೇ ಇಡಬೇಕೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸೂಚಿಸಿದೆ. ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರದು. ಟೆಸ್ಟರ್ ಅಂಟಿಸಿದ ಲಾಗ್ ಫೈಲ್‌ನಲ್ಲಿ ಗಿರಾಕಿಯ ಕಾರ್ಡ್ ಸಂಖ್ಯೆ ಇದ್ದು, ಟ್ರ್ಯಾಕರ್‌ನ ಸರ್ವರ್ ಹೊರದೇಶದಲ್ಲಿದ್ದರೆ ಅದು ಕಾನೂನು ವಿಭಾಗದ ತಲೆನೋವು. ಮಾಹಿತಿ ಯಾವ ದೇಶದಲ್ಲಿ ಕೂರುತ್ತದೆ ಎಂದು ಲಿಖಿತವಾಗಿ ಕೇಳಿ. ಭದ್ರತೆಯ ಬಗ್‌ಗಳನ್ನು ಕೆಲವರಿಗಷ್ಟೇ ಕಾಣುವಂತೆ ಮಾಡಲು ಬರುತ್ತದೆಯೇ, ಅದನ್ನೂ ಕೇಳಿ. ಗಿಟ್‌ಲ್ಯಾಬ್‌ನಲ್ಲಿ ಒಂದೊಂದೇ ಇಶ್ಯೂವನ್ನು ಗುಟ್ಟಾಗಿಡಬಹುದು, ಗಿಟ್‌ಹಬ್‌ನ ಇಶ್ಯೂ ಪಟ್ಟಿಯಲ್ಲಿ ಹಾಗೆ ಬರುವುದಿಲ್ಲ.

ಕೋಡ್ ಜೊತೆಗಿನ ಕೊಂಡಿಯಲ್ಲೂ ಒಂದು ಎಚ್ಚರ. ಕೋಡ್ ಬದಲಾವಣೆ ಉಳಿಸುವಾಗ ಬರೆಯುವ ಕಮಿಟ್ ಸಂದೇಶದಲ್ಲಿ 'ಫಿಕ್ಸಸ್' ಎಂದು ಬರೆದು ಬಗ್ ಸಂಖ್ಯೆ ಹಾಕಿದರೆ, ಮುಖ್ಯ ಶಾಖೆಗೆ ಕೋಡ್ ಸೇರಿದ ಕ್ಷಣ ಗಿಟ್‌ಹಬ್ ಆ ಇಶ್ಯೂ ಮುಚ್ಚಿಬಿಡುತ್ತದೆ. ಟೆಸ್ಟರ್ ಇನ್ನೂ ಮುಟ್ಟಿಯೂ ಇರುವುದಿಲ್ಲ. ದೊಡ್ಡ ತಂಡದಲ್ಲಿ ಆ ಪದದ ಬದಲು ಬರೀ ಸಂಖ್ಯೆ ಬರೆಯುವ ರೂಢಿ ಇಟ್ಟುಕೊಳ್ಳಿ.

ಕೊನೆಯದಾಗಿ, ಒಳಗೆ ಹೋಗುವ ಮೊದಲೇ ಹೊರಬರುವ ಬಾಗಿಲು ನೋಡಿಕೊಳ್ಳುವುದು. ಸ್ವಂತ ಯಂತ್ರದಲ್ಲಿ ಹಾಕಿಕೊಳ್ಳುವ ಜಿರಾ ಸರ್ವರ್ ಆವೃತ್ತಿಗೆ ಬೆಂಬಲ 2024ರ ಫೆಬ್ರವರಿಯಲ್ಲಿ ನಿಂತಿತು. ಅದನ್ನೇ ನಂಬಿದ್ದವರೆಲ್ಲ ಗಂಟುಮೂಟೆ ಕಟ್ಟಬೇಕಾಯಿತು. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಫೈಲ್ ಸಿಗುತ್ತದೆ ಎಂದರೆ ಅಟ್ಯಾಚ್‌ಮೆಂಟ್, ಯಾರು ಯಾವಾಗ ಏನು ಬದಲಿಸಿದರು ಎಂಬ ಇತಿಹಾಸ, ಇವೂ ಸಿಗುತ್ತವೆ ಎಂದಲ್ಲ. ಪರೀಕ್ಷೆಯ ಮೂರನೇ ವಾರ ಆ 200 ಬಗ್‌ಗಳನ್ನು ಹೊರತೆಗೆದು ಎಣಿಸಿ. ಪೈಥಾನ್ ಭಾಷೆಯವರು 2022ರಲ್ಲಿ ತಮ್ಮ ಹಳೆಯ ಟ್ರ್ಯಾಕರ್ ಬಿಟ್ಟು ಗಿಟ್‌ಹಬ್‌ಗೆ ಹೋದಾಗ ಹಳೆಯದನ್ನು ಅಳಿಸಲಿಲ್ಲ, ಓದಲು ಮಾತ್ರ ಬರುವಂತೆ ಉಳಿಸಿಕೊಂಡರು. ನೀವೂ ಹಾಗೇ ಮಾಡಿ. ಹೊಸದಕ್ಕೆ ತೆರೆದಿರುವ ಬಗ್‌ಗಳನ್ನೂ ಕಳೆದ ಎರಡು ವರ್ಷದವನ್ನೂ ಮಾತ್ರ ಒಯ್ಯಿರಿ. 'ಹಳೆಯ ಸಂಖ್ಯೆ' ಎಂಬ ಒಂದು ಕಾಲಂ ಇರಲೇಬೇಕು, ಏಕೆಂದರೆ ಕೋಡ್‌ನ ಟಿಪ್ಪಣಿಗಳ ತುಂಬ ಇರುವುದು ಆ ಹಳೆಯ ಸಂಖ್ಯೆಗಳೇ. ಸ್ಥಳಾಂತರಕ್ಕೆ ಶನಿವಾರ ಬೆಳಿಗ್ಗೆ ಸರಿ. ಗಣಪತಿ ವಿಸರ್ಜನೆಯ ವಾರ ಬೇಡ, ಸರ್ವರ್ ನೋಡಿಕೊಳ್ಳುವವರು ಊರಲ್ಲಿದ್ದರೂ ಆ ಗದ್ದಲದಲ್ಲಿ ಆಫೀಸು ತಲುಪಲಾರರು.

ನಮಸ್ಕಾರ.